ಟೆಸ್ಟ್‌ನಲ್ಲಿ ಫೇಲ್ ಆದ ಕಾರು ಕೆಟ್ಟ ಕಾರೇ?

ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಜರ್ಮನಿಯಲ್ಲಿ ಟಿಯುವಿ ಅನ್ನುವ ವಾಹನ ತಪಾಸಣಾ ಸಂಸ್ಥೆಗಳ ರಿಪೋರ್ಟ್ ಹೊರಬೀಳುತ್ತದೆ. ಕಾರು ರಸ್ತೆಯಲ್ಲಿ ಓಡಾಡಲು ಯೋಗ್ಯವಾಗಿದೆಯಾ ಅಂತ ಅಲ್ಲಿ ಕಡ್ಡಾಯವಾಗಿ ತಪಾಸಣೆ ಮಾಡಿಸಬೇಕು. ಅದರಲ್ಲಿ ಯಾವ ಮಾಡೆಲ್ ಎಷ್ಟು ಫೇಲ್ ಆಯಿತು ಅನ್ನುವ ಲೆಕ್ಕವೇ ಈ ರಿಪೋರ್ಟ್. 2025ರ ಕೊನೆಗೆ ಬಂದ ರಿಪೋರ್ಟ್‌ನಲ್ಲಿ, ಎರಡು-ಮೂರು ವರ್ಷ ಹಳೆಯ ಕಾರುಗಳ ಪೈಕಿ ಕಟ್ಟಕಡೆಗೆ ನಿಂತಿದ್ದು ಟೆಸ್ಲಾ ಮಾಡೆಲ್ ವೈ. ಪರೀಕ್ಷೆಗೆ ಬಂದವುಗಳಲ್ಲಿ ಶೇ. 17.3ರಷ್ಟು ಕಾರುಗಳಲ್ಲಿ ಗಂಭೀರ ದೋಷ ಸಿಕ್ಕಿತ್ತು. ಮೊದಲ ಸ್ಥಾನದ ಮಜ್ದಾ 2ರಲ್ಲಿ ಇದು ಬರೀ ಶೇ. 2.9. ಎರಡು ವರ್ಷ ಹಿಂದಿನ ರಿಪೋರ್ಟ್‌ನಲ್ಲಿ ಇದೇ ಕೊನೆಯ ಜಾಗದಲ್ಲಿ ಟೆಸ್ಲಾದ್ದೇ ಮಾಡೆಲ್ 3 ಇತ್ತು, ಶೇ. 14.7ರೊಂದಿಗೆ. ಇಷ್ಟು ಸಿಕ್ಕರೆ ಸಾಕು, ಎಲೆಕ್ಟ್ರಿಕ್ ಕಾರನ್ನು ನಂಬೋ ಹಾಗಿಲ್ಲ ಅನ್ನುವವರಿಗೆ ವರ್ಷವಿಡೀ ಮಾತಾಡಲು ಸರಕು.

ಅದೇ ದೇಶದಲ್ಲಿ ಇನ್ನೊಂದು ಲೆಕ್ಕವೂ ಇದೆ. ಎಡಿಎಸಿ ಅಂತ ಅಲ್ಲಿನ ದೊಡ್ಡ ವಾಹನ ಸವಾರರ ಸಂಘ. ಕಾರು ನಡುದಾರಿಯಲ್ಲಿ ಕೈಕೊಟ್ಟರೆ ಸದಸ್ಯರು ಫೋನ್ ಮಾಡುತ್ತಾರೆ, ಸಂಘದ ಹಳದಿ ಗಾಡಿ ಬಂದು ಸರಿ ಮಾಡುತ್ತದೆ. ಈ ಕರೆಗಳನ್ನೆಲ್ಲ ಸೇರಿಸಿ ಎಡಿಎಸಿ ವರ್ಷಕ್ಕೊಮ್ಮೆ ಅಂಕಿಅಂಶ ಕೊಡುತ್ತದೆ. 2024ರ ಲೆಕ್ಕ ಹೀಗಿದೆ: ಎರಡರಿಂದ ನಾಲ್ಕು ವರ್ಷ ಹಳೆಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸಾವಿರಕ್ಕೆ 10.4 ಕೆಟ್ಟು ನಿಂತವು. ಎಲೆಕ್ಟ್ರಿಕ್ ಕಾರುಗಳಲ್ಲಿ ಸಾವಿರಕ್ಕೆ 4.2.

ಎರಡರಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ. ಟಿಯುವಿ ಅಳೆಯುವುದೇ ಬೇರೆ, ಎಡಿಎಸಿ ಅಳೆಯುವುದೇ ಬೇರೆ. ತಪಾಸಣೆಯಲ್ಲಿ ಫೇಲ್ ಆಗುವುದು, ದಾರಿಯಲ್ಲಿ ನಿಂತುಬಿಡುವುದು, ಜೇಬಿಗೆ ಕತ್ತರಿ ಹಾಕುವುದು ಇವು ಬೇರೆ ಬೇರೆ ಕಾಯಿಲೆಗಳು. ಕೊಳ್ಳುವ ನಾವು ಮೂರನ್ನೂ ಒಂದೇ ಚೀಲಕ್ಕೆ ತುಂಬಿ 'ಈ ಕಾರು ಒಳ್ಳೇದಾ?' ಅಂತ ಕೇಳುತ್ತೇವೆ. ಉತ್ತರ ಅಡ್ಡಾದಿಡ್ಡಿ ಬರುವುದು ಅದಕ್ಕೇ.

ಮೊದಲು ಬ್ರೇಕ್ ವಿಷಯ ನೋಡೋಣ, ಯಾಕೆಂದರೆ ಕಥೆಯ ಅರ್ಧ ಅಲ್ಲೇ ಇದೆ. ಮಾಮೂಲಿ ಕಾರಿನಲ್ಲಿ ಪೆಡಲ್ ಒತ್ತಿದಾಗ ಪ್ಯಾಡ್‌ಗಳು ಕಬ್ಬಿಣದ ಡಿಸ್ಕನ್ನು ಹಿಡಿಯುತ್ತವೆ. ಡಿಸ್ಕ್ ಬಿಸಿಯಾಗುತ್ತದೆ, ಸವೆಯುತ್ತದೆ, ಜೊತೆಗೆ ಪ್ರತಿ ಸಲ ಉಜ್ಜಿ ಹೊಳೆಯುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ನಿಧಾನ ಮಾಡುತ್ತದೆ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಡಿಸ್ಕ್‌ಗೆ ಕೆಲಸವೇ ಇಲ್ಲ. ಕೆಲಸ ಇಲ್ಲದ ಕಬ್ಬಿಣಕ್ಕೆ ಮಳೆ ನೀರು, ಚಳಿದೇಶಗಳಲ್ಲಿ ರಸ್ತೆಗೆ ಸುರಿಯುವ ಉಪ್ಪು ತಾಗಿದರೆ ತುಕ್ಕು ಹಿಡಿಯುತ್ತದೆ. ಮೊದಲು ಕಿತ್ತಳೆ ಬಣ್ಣದ ತೆಳು ಪದರ, ಆಮೇಲೆ ಒಳ ಮುಖದಲ್ಲಿ ಗುಳಿಗಳು. ಹೊರಗಿನಿಂದ ಬಗ್ಗಿ ನೋಡಿದರೆ ಡಿಸ್ಕ್ ಚೆನ್ನಾಗೇ ಕಾಣಬಹುದು. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ ಟಾರ್ಚ್ ಹಿಡಿದಾಗಲೇ ಒಳಗಿನ ಅವಸ್ಥೆ ಗೊತ್ತಾಗುವುದು. ಇದರ ಜೊತೆಗೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್‌ಗಳು ಗ್ರೀಸ್ ಒಣಗಿ ಗಟ್ಟಿಯಾದರೆ ಒಂದು ಚಕ್ರ ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಹಿಡಿಯುತ್ತದೆ. ತಪಾಸಣೆ ಕೇಂದ್ರದಲ್ಲಿ ಬ್ರೇಕ್ ಅಳೆಯುವ ರೋಲರ್ ಮೇಲೆ ನಿಲ್ಲಿಸಿದ ಕೂಡಲೇ ಈ ವ್ಯತ್ಯಾಸ ಮೀಟರ್‌ನಲ್ಲಿ ಬಿದ್ದುಬಿಡುತ್ತದೆ. ಗಾಡಿ ಫೇಲ್.

ಇಂಥ ಕಾರು ದಾರಿಯಲ್ಲಿ ಯಾವತ್ತೂ ನಿಲ್ಲದೇ ಇರಬಹುದು. ಎಡಿಎಸಿಗೆ ಕರೆ ಹೋಗುವುದೇ ಇಲ್ಲ. ಆದರೆ ಒಂದು ದಿನ ಗಟ್ಟಿಯಾಗಿ ಬ್ರೇಕ್ ಹಾಕಬೇಕಾಗಿ ಬಂದಾಗ ತುಕ್ಕು ಹಿಡಿದ ಡಿಸ್ಕ್ ಅಪಾಯವೇ. ಹಾಗಾಗಿ ಅದನ್ನು ಫೇಲ್ ಮಾಡಿದ ಇನ್ಸ್‌ಪೆಕ್ಟರ್ ತಪ್ಪು ಮಾಡಲಿಲ್ಲ.

ಇದರ ಮೇಲೆ ಇನ್ನೊಂದು ಪದರ ಇದೆ. ಟೆಸ್ಲಾ ತನ್ನ ಗಿರಾಕಿಗಳಿಗೆ ವರ್ಷಕ್ಕೊಂದು ಸರ್ವಿಸ್ ಕಡ್ಡಾಯ ಅಂತ ಹೇಳುವುದಿಲ್ಲ. ಬೇರೆ ಹಲವು ಕಂಪನಿಗಳ ಕಾರುಗಳು ಸರ್ವಿಸ್‌ಗೆ ಹೋದಾಗ ಮೆಕ್ಯಾನಿಕ್ ಕೆಳಗೆ ಒಮ್ಮೆ ಇಣುಕುತ್ತಾನೆ. ಸಸ್ಪೆನ್ಷನ್ ಕೀಲುಗಳಲ್ಲಿರುವ ಸವೆದ ಬುಷ್, ಸಡಿಲವಾದ ಬಾಲ್ ಜಾಯಿಂಟ್, ಜೊತೆಗೆ ತುಕ್ಕು ಹಿಡಿದ ಡಿಸ್ಕ್ ತಪಾಸಣೆಗೆ ಮೊದಲೇ ಬದಲಾಗಿರುತ್ತವೆ. ಟೆಸ್ಲಾ ಮಾಲೀಕ ಮೂರು ವರ್ಷ ಚಾರ್ಜ್ ಮಾಡಿ ಓಡಿಸಿ, ನೇರ ಟಿಯುವಿ ಲಿಫ್ಟ್ ಮೇಲೆ ಹೋಗಿ ನಿಲ್ಲುತ್ತಾನೆ. ಬ್ಯಾಟರಿಯಿಂದಾಗಿ ಭಾರವೂ ಜಾಸ್ತಿ ಇರುವುದರಿಂದ ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಆರ್ಮ್‌ಗಳು ಬೇಗ ಸವೆಯುತ್ತವೆ. ಸಸ್ಪೆನ್ಷನ್ ವಿಷಯದಲ್ಲಿ ಕಂಪನಿಯನ್ನು ಪೂರ್ತಿ ಬಚಾವ್ ಮಾಡುವ ಹಾಗಿಲ್ಲ, ಆರ್ಮ್ ಗಟ್ಟಿಯಾಗಿ ಮಾಡುವುದು ಅವರ ಕೆಲಸವೇ ಅಲ್ವಾ. ಆದರೆ ಅದೇ ಪಟ್ಟಿಯಲ್ಲಿ ಮಿನಿ ಕೂಪರ್ ಎಸ್ಇಯಂಥ ಬೇರೆ ಎಲೆಕ್ಟ್ರಿಕ್ ಕಾರುಗಳು ಮೇಲಿನ ಸಾಲಿನಲ್ಲಿವೆ. ಅಂದರೆ ಮೋಟಾರು, ಬ್ಯಾಟರಿ ಇದ್ದ ಮಾತ್ರಕ್ಕೆ ಫೇಲ್ ಅಂತ ಏನೂ ಇಲ್ಲ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಕಾರುಗಳ ಹಿಂದಿನ ಚಕ್ರಗಳಿಗೆ ಹಳೇ ಕಾಲದ ಡ್ರಮ್ ಬ್ರೇಕ್ ಹಾಕಿದಾಗ ಇದೇನು ಕಂಜೂಸುತನ ಅಂತ ಬೈದವರಿದ್ದರು. ಮುಚ್ಚಿದ ಡ್ರಮ್ ಒಳಗೆ ಅಷ್ಟು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಈ ಬಳಕೆಗೆ ಅದೇ ಜಾಣ ಆಯ್ಕೆ.

ಈಗ ಪಟ್ಟಿಯ ಇನ್ನೊಂದು ತುದಿಗೆ ಬನ್ನಿ. ಟಿಯುವಿ ಪಟ್ಟಿಗಳಲ್ಲಿ ವರ್ಷಗಟ್ಟಲೆ ಮೇಲೆ ಕೂತ ಕಾರು ಪೋರ್ಷೆ 911 ಅನ್ನುವ ದುಬಾರಿ ಸ್ಪೋರ್ಟ್ಸ್ ಕಾರು. ವರ್ಷಗಟ್ಟಲೆ ತಳದಲ್ಲಿದ್ದದ್ದು ಅಗ್ಗದ ಕಾರಾದ ಡಾಸಿಯಾ ಲೋಗನ್. ಪೋರ್ಷೆ ಎಂಜಿನಿಯರ್‌ಗಳು ಚೆನ್ನಾಗಿ ಕಟ್ಟುತ್ತಾರೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ 911 ಇಟ್ಟುಕೊಂಡವರು ಯಾರು ಅಂತ ನೋಡಿ. ಗ್ಯಾರೇಜಿನಲ್ಲಿ ಮುಚ್ಚಿಟ್ಟು, ವಾರಾಂತ್ಯಕ್ಕೆ ತೆಗೆದು, ಸಣ್ಣ ಸದ್ದು ಬಂದರೂ ಶೋರೂಮಿಗೆ ಓಡುವವರು. ಲೋಗನ್ ತೆಗೆದುಕೊಂಡವರು ಅದನ್ನು ದಿನಾ ದುಡಿಸಲೆಂದೇ ತೆಗೆದುಕೊಂಡವರು. ಕಾರಿನ ಬೆಲೆಯೇ ಕಡಿಮೆ ಇರುವಾಗ ಎಂಟನೇ ವರ್ಷ ಅದಕ್ಕೆ ದುಬಾರಿ ಸರ್ವಿಸ್ ಮಾಡಿಸುವವರು ಕಡಿಮೆ. ಒಂದು ಬಲ್ಬ್ ಹೋದರೆ, ಟಿಯುವಿಯವರು ಹೇಳಿದ ಮೇಲೆ ಹಾಕಿಸೋಣ ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಂಕಿಯಲ್ಲಿ ಅದು ಕಾರಿನ ದೋಷವಾಗಿ ದಾಖಲಾಗುತ್ತದೆ. ಫೇಲ್ ಆದವರ ಪಟ್ಟಿಯಲ್ಲಿ ಕಾರಿನಷ್ಟೇ ಮಾಲೀಕನ ಸ್ವಭಾವ, ಅವನ ಸಂಬಳ, ಅವನು ಓಡಿಸಿದ ಕಿಲೋಮೀಟರ್‌ಗಳೂ ಇವೆ.

ಹಳೆಯ ಕಾರುಗಳ ಅಂಕಿಯಲ್ಲಿ ಇನ್ನೊಂದು ಮೋಸ. ಹದಿನೈದು ವರ್ಷದ ಮಾಡೆಲ್ ಒಂದು ಚೆನ್ನಾಗಿ ಪಾಸಾಗುತ್ತಿದೆ ಅಂದರೆ ಅದರ ಕೆಟ್ಟ ಕಾರುಗಳೆಲ್ಲ ಆಗಲೇ ಗುಜರಿಗೆ ಹೋಗಿರಬಹುದು. ಪರೀಕ್ಷೆಗೆ ಬರುವುದು ಉಳಿದುಕೊಂಡವು ಮಾತ್ರ.

ಹಾಗಾದರೆ ಈ ತಪಾಸಣೆಯಲ್ಲಿ ನೋಡುವುದೇನು? ಬ್ರಿಟನ್ನಿನಲ್ಲಿ ಎಂಒಟಿ ಅನ್ನುವ ಕಡ್ಡಾಯ ವಾಹನ ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. 1960ರಲ್ಲಿ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಕಾಲದಲ್ಲಿ ಶುರುವಾಯಿತು. ಆಗ ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ, ಅದೂ ಬ್ರೇಕ್, ಲೈಟ್, ಸ್ಟಿಯರಿಂಗ್ ಅಷ್ಟೇ. ಫೇಲ್ ಆಗುವ ಗಾಡಿಗಳ ಸಂಖ್ಯೆ ನೋಡಿ ಬೆಚ್ಚಿಬಿದ್ದ ಸರ್ಕಾರ ಬೇಗನೇ ಆ ಮಿತಿಯನ್ನು ಏಳು ವರ್ಷಕ್ಕೆ ಇಳಿಸಿತು, 1967ರಲ್ಲಿ ಮೂರಕ್ಕೆ. ಈಗಲೂ ಮೂರೇ, ಆಮೇಲೆ ಪ್ರತಿ ವರ್ಷ. ಮೊದಲ ಪರೀಕ್ಷೆಯನ್ನು ನಾಲ್ಕನೇ ವರ್ಷಕ್ಕೆ ತಳ್ಳುವ ಪ್ರಸ್ತಾಪ 2023ರಲ್ಲಿ ಬಂದಿತ್ತು, 2024ರ ಜನವರಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಜರ್ಮನಿ, ಜಪಾನ್‌ಗಳಲ್ಲಿ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ.

ಬ್ರಿಟನ್‌ನಲ್ಲಿ ಪರೀಕ್ಷೆಗೆ ಬರುವ ಕಾರುಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಮೊದಲ ಸಲಕ್ಕೆ ಫೇಲ್ ಆಗುತ್ತವೆ. ಕಾರಣಗಳಲ್ಲಿ ಮುಂದಿರುವುದು ಲೈಟುಗಳು, ಸಸ್ಪೆನ್ಷನ್, ಬ್ರೇಕ್, ಟೈರ್. ಟೈರಿನ ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಫೇಲ್. ವೈಪರ್ ಗಾಜನ್ನು ಸರಿಯಾಗಿ ಒರೆಸದಿದ್ದರೂ ಫೇಲ್. ಮನೆ ಮುಂದೆ ಐದು ನಿಮಿಷ ಸುತ್ತು ಹಾಕಿ ನೋಡಿದ್ದರೆ ಇದರಲ್ಲಿ ಎಷ್ಟೋ ಗೊತ್ತಾಗುತ್ತಿತ್ತು. ಸುಮ್ನೆ ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ ಲೈಟ್ ಉರಿಯುತ್ತಾ ಅಂತ ಕೇಳಿದ್ದರೂ ಸಾಕಿತ್ತು.

ಇನ್ನು ಎಂಜಿನ್, ಕ್ಲಚ್, ಗೇರ್‌ಬಾಕ್ಸ್? ಅವುಗಳ ಸ್ಥಿತಿಯನ್ನು ಎಂಒಟಿ ನೋಡುವುದೇ ಇಲ್ಲ. ನಿಯಮದಲ್ಲೇ ಹಾಗಿದೆ. ಹೊಗೆ ಎಷ್ಟು ಅಂತ ಅಳೆಯುತ್ತಾರೆ, ಎಣ್ಣೆ ಸೋರಿ ರಸ್ತೆಗೆ ಬೀಳುತ್ತಿದೆಯಾ ಅಂತ ನೋಡುತ್ತಾರೆ, ಅಷ್ಟೇ. ಇದು ನ್ಯಾಯವೇ, ಯಾಕೆಂದರೆ ಪರೀಕ್ಷೆ ಇರುವುದು ರಸ್ತೆಯಲ್ಲಿರುವ ಉಳಿದವರ ಸುರಕ್ಷತೆಗೆ. ನಿಮ್ಮ ಗೇರ್‌ಬಾಕ್ಸ್ ಹೋದರೆ ಹಾಳಾಗುವುದು ನಿಮ್ಮ ದುಡ್ಡು. ಆದರೆ ಕೊಳ್ಳುವವರಿಗೆ ಇದರಿಂದ ಒಂದು ಪೇಚು. ಅಗ್ಗದ ಭಾಗಗಳು ಪರೀಕ್ಷೆಯಲ್ಲಿ ಫೇಲ್ ಮಾಡಿಸುತ್ತವೆ, ದಿವಾಳಿ ಮಾಡಿಸುವ ಭಾಗಗಳು ಪರೀಕ್ಷೆಯ ಹೊರಗಿವೆ.

ಎಂಜಿನ್ನಿನ ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ, ಎಣ್ಣೆಯಲ್ಲಿ ಮುಳುಗಿ ತಿರುಗುವ ಟೈಮಿಂಗ್ ಬೆಲ್ಟ್‌ನ ಕಥೆ ಕೇಳಿ. ಪ್ಯೂಜೋ, ಸಿಟ್ರೊಯೆನ್ ಕಾರುಗಳಲ್ಲಿ ಬಂದ 1.2 ಲೀಟರ್ ಪ್ಯೂರ್‌ಟೆಕ್ ಪೆಟ್ರೋಲ್ ಎಂಜಿನ್ 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ತನ್ನ ವರ್ಗದಲ್ಲಿ 'ಇಂಟರ್‌ನ್ಯಾಷನಲ್ ಎಂಜಿನ್ ಆಫ್ ದಿ ಇಯರ್' ಪ್ರಶಸ್ತಿ ಗೆದ್ದಿತು. ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ಓಡುವುದರಿಂದ ಘರ್ಷಣೆ ಕಡಿಮೆ, ಸದ್ದು ಕಡಿಮೆ, ಮೈಲೇಜ್ ಜಾಸ್ತಿ. ಎಲ್ಲ ಸರಿ. ಆದರೆ ಬರೀ ಸಣ್ಣ ಸಣ್ಣ ದೂರ ಓಡಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಉರಿಯದ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತದೆ. ಆ ಆಯಿಲ್ ಬೆಲ್ಟಿನ ರಬ್ಬರನ್ನು ತಿನ್ನುತ್ತದೆ. ರಬ್ಬರ್ ಚೂರುಗಳು ಹೋಗಿ ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತವೆ. ಆಯಿಲ್ ಒತ್ತಡ ಬೀಳುತ್ತದೆ. ಬ್ರೇಕ್ ಪೆಡಲ್‌ಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್‌ಗೂ ಅದೇ ಗತಿ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬೆಲ್ಟ್ ಬದಲಿಸಬೇಕಾದ ಅವಧಿಯನ್ನು ಕಂಪನಿ ಕಡಿಮೆ ಮಾಡಿತು. 2024ರಲ್ಲಿ ಮಾತೃಸಂಸ್ಥೆ ಸ್ಟೆಲ್ಲಾಂಟಿಸ್ 10 ವರ್ಷ ಅಥವಾ 1,75,000 ಕಿಲೋಮೀಟರ್‌ವರೆಗೆ ರಕ್ಷಣೆ ಕೊಡಬೇಕಾಯಿತು, ಅದಕ್ಕೂ ಸರ್ವಿಸ್ ಸರಿಯಾಗಿ ಮಾಡಿಸಿರಬೇಕು ಅನ್ನುವ ಷರತ್ತು. ಹೊಸ ಎಂಜಿನ್‌ನಲ್ಲಿ ಬೆಲ್ಟ್ ಜಾಗಕ್ಕೆ ಚೈನ್ ಬಂದಿದೆ.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಬೇರೆಯೇ. ಬೆಲ್ಟ್ ಪುಡಿಯಾಗುತ್ತಿರುವ ಕಾರು ಲೈಟು, ಟೈರು, ಬ್ರೇಕು ಎಲ್ಲ ಸರಿ ಇದ್ದರೆ ಬೆಳಿಗ್ಗೆ ತಪಾಸಣೆಯಲ್ಲಿ ಪಾಸಾಗಿ ಸಂಜೆ ಎಂಜಿನ್ ಕಳೆದುಕೊಳ್ಳಬಹುದು. ಅದೇ ಪಕ್ಕದಲ್ಲಿ ಎರಡು ಬಲ್ಬ್ ಹೋದ ಹಳೇ ಟೊಯೊಟಾ ಫೇಲ್ ಅಂತ ಬರೆಸಿಕೊಂಡು, ಅರ್ಧ ಗಂಟೆಯಲ್ಲಿ ಬಲ್ಬ್ ಹಾಕಿಸಿಕೊಂಡು ಇನ್ನೂ ಹತ್ತು ವರ್ಷ ಓಡಬಹುದು. ಅಂಕಿಯಲ್ಲಿ ಮೊದಲನೆಯದು ಒಳ್ಳೆಯ ಕಾರು, ಎರಡನೆಯದು ಕೆಟ್ಟದ್ದು.

ದಾರಿಯಲ್ಲಿ ನಿಲ್ಲುವ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಡಿಎಸಿಗೆ ಬರುವ ಕರೆಗಳಲ್ಲಿ ಶೇ. 40ಕ್ಕೂ ಜಾಸ್ತಿ ಕರೆಗಳಿಗೆ ಕಾರಣ 12 ವೋಲ್ಟಿನ ಆ ಸಣ್ಣ ಬ್ಯಾಟರಿ. ಎಲೆಕ್ಟ್ರಿಕ್ ಕಾರುಗಳಲ್ಲೂ ಅದೇ ಮೊದಲ ಕಾರಣ, ದೊಡ್ಡ ಬ್ಯಾಟರಿ ಅಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸಿದರೆ ಮುಗಿಯುವ ವಿಷಯ. ಅದು ಸತ್ತು ಕಾರು ನಿಂತರೆ ಆ ಮಾಡೆಲ್‌ಗೆ ಕೆಟ್ಟ ಹೆಸರು.

ಮಾಲೀಕರನ್ನೇ ಕೇಳಿ ಮಾಡುವ ಸಮೀಕ್ಷೆಗಳ ತೊಂದರೆ ಇನ್ನೊಂದು ಥರ. ಅಮೆರಿಕದ ಜೆ.ಡಿ. ಪವರ್ ಅನ್ನುವ ಸಮೀಕ್ಷಾ ಸಂಸ್ಥೆ ನೂರು ಕಾರಿಗೆ ಎಷ್ಟು ಸಮಸ್ಯೆ ಅಂತ ಎಣಿಸುತ್ತದೆ. ಮೂರು ವರ್ಷದ ಕಾರುಗಳ ಸಮೀಕ್ಷೆಯಲ್ಲಿ ಕೆಲವು ವರ್ಷಗಳಿಂದ ಅತಿ ಹೆಚ್ಚು ದೂರು ಬರುತ್ತಿರುವುದು ಪರದೆ, ಬ್ಲೂಟೂತ್, ಫೋನ್ ಜೋಡಣೆ ಬಗ್ಗೆ. ಫೋನ್ ಕನೆಕ್ಟ್ ಆಗಲಿಲ್ಲ ಅನ್ನುವುದೂ ಒಂದು ಸಮಸ್ಯೆ, ಗೇರ್‌ಬಾಕ್ಸ್ ಒಡೆಯಿತು ಅನ್ನುವುದೂ ಒಂದು ಸಮಸ್ಯೆ. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ತೊಂದರೆಯ ಗಂಭೀರತೆಗೆ ತಕ್ಕಂತೆ ತೂಕ ಕೊಡುತ್ತದೆ, ಅಷ್ಟರಮಟ್ಟಿಗೆ ವಾಸಿ. ಅದರ 2023ರ ಸಮೀಕ್ಷೆಯಲ್ಲಿ ಒಂದು ಕುತೂಹಲದ ಸಂಗತಿ ಇತ್ತು. ಪೆಟ್ರೋಲ್ ಕಾರಿಗಿಂತ ಹೈಬ್ರಿಡ್ ಕಾರುಗಳಲ್ಲಿ ತೊಂದರೆ ಶೇ. 26 ಕಡಿಮೆ, ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್‌ಗಳಲ್ಲಿ ಶೇ. 146 ಜಾಸ್ತಿ. ಎರಡರಲ್ಲೂ ಎಂಜಿನ್ ಇದೆ, ಮೋಟಾರೂ ಇದೆ. ಭಾಗಗಳು ಹೆಚ್ಚಿದ್ದರೆ ತೊಂದರೆ ಹೆಚ್ಚು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಸಾಮಾನ್ಯ ಹೈಬ್ರಿಡ್ ತಂತ್ರವನ್ನು ಟೊಯೊಟಾ 1997ರ ಪ್ರಿಯಸ್‌ನಿಂದ ತಿದ್ದುತ್ತಾ ಬಂದಿದೆ. ಹೊಸದಾಗಿ ಬಂದ ಯಂತ್ರಕ್ಕಿಂತ ಹಳೆಯದಾಗಿ ಪಳಗಿದ ಯಂತ್ರ ಯಾವತ್ತೂ ಕಡಿಮೆ ಕಾಡುತ್ತದೆ.

ಪರೀಕ್ಷೆ ಮಾಡುವವರ ಬಗ್ಗೆಯೂ ಒಂದು ಮಾತು. ಬ್ರಿಟನ್‌ನಲ್ಲಿ ಪರೀಕ್ಷೆ ಮಾಡುವುದು ಹೆಚ್ಚಾಗಿ ರಿಪೇರಿ ಗ್ಯಾರೇಜುಗಳೇ. ಫೇಲ್ ಮಾಡಿದರೆ ರಿಪೇರಿ ದುಡ್ಡೂ ಅವರಿಗೇ. ಖಾಯಂ ಗಿರಾಕಿ ಬೇಜಾರಾಗದಿರಲಿ ಅಂತ ಪಾಸ್ ಮಾಡುವ ಆಸೆಯೂ ಇರಬಹುದು. ಜರ್ಮನಿಯಲ್ಲಿ ಟಿಯುವಿ, ಡೆಕ್ರಾದಂಥ ಸಂಸ್ಥೆಗಳು ನೋಡಿ ಬರೆಯುತ್ತವೆ ಅಷ್ಟೇ, ರಿಪೇರಿಗೆ ಬೇರೆ ಕಡೆ ಹೋಗಬೇಕು. ನನಗೆ ಜರ್ಮನಿಯ ಕ್ರಮವೇ ಸರಿ ಅನ್ನಿಸುತ್ತದೆ. ಉತ್ತರ ಐರ್ಲೆಂಡ್‌ನಲ್ಲಿ ಸರ್ಕಾರವೇ ಪರೀಕ್ಷೆ ನಡೆಸುತ್ತದೆ. ಅಲ್ಲಿ 2020ರ ಜನವರಿಯಲ್ಲಿ ಕಾರು ಎತ್ತುವ 55 ಲಿಫ್ಟುಗಳ ಪೈಕಿ 48ರಲ್ಲಿ ಬಿರುಕಿನ ಗುರುತು ಸಿಕ್ಕಿ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಕಾರುಗಳನ್ನು ಫೇಲ್ ಮಾಡುವ ಕೇಂದ್ರವೇ ಫೇಲ್!

ಇಷ್ಟೆಲ್ಲ ಗೊಂದಲ ಇರುವಾಗ ಈ ಪರೀಕ್ಷೆ ಬೇಕೇ ಅನ್ನುವ ಪ್ರಶ್ನೆ ಈಗ ಜೋರಾಗಿ ಕೇಳುತ್ತಿದೆ. ಅಮೆರಿಕದ ಟೆಕ್ಸಾಸ್ ರಾಜ್ಯ 2025ರ ಜನವರಿ 1ರಿಂದ ಖಾಸಗಿ ಕಾರುಗಳ ಸುರಕ್ಷತಾ ತಪಾಸಣೆಯನ್ನೇ ತೆಗೆದುಹಾಕಿತು. ಕೆಲವು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಹೊಗೆ ಪರೀಕ್ಷೆ ಮಾತ್ರ ಉಳಿದಿದೆ. ನ್ಯೂಜೆರ್ಸಿ 2010ರಲ್ಲೇ ಯಂತ್ರಭಾಗಗಳ ಪರೀಕ್ಷೆ ಬಿಟ್ಟಿತ್ತು. ಬೇಡ ಅನ್ನುವವರ ಕೈಯಲ್ಲಿರುವ ಅಸ್ತ್ರ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2005ರಿಂದ 2007ರವರೆಗೆ ನಡೆಸಿದ ಅಪಘಾತ ಅಧ್ಯಯನ. ಅಪಘಾತದ ನಿರ್ಣಾಯಕ ಕಾರಣ ಶೇ. 94 ಸಲ ಚಾಲಕ, ವಾಹನ ಬರೀ ಶೇ. 2. ಆದರೆ ಆ ಅಧ್ಯಯನದಲ್ಲಿ ನಿರ್ಣಾಯಕ ಕಾರಣ ಅಂದರೆ ಘಟನೆಗಳ ಸರಪಳಿಯ ಕೊನೆಯ ಕೊಂಡಿ. ಮಳೆಯಲ್ಲಿ ಬೋಳು ಟೈರಿನ ಕಾರು ಜಾರಿದರೆ 'ಚಾಲಕ ವೇಗವಾಗಿದ್ದ' ಅಂತಲೂ ಬರೆಯಬಹುದು. ಇನ್ನೊಂದು ವಿಷಯ ಏನೆಂದರೆ ವಾಹನದ ತಪ್ಪು ಅಂತ ಬರೆದ ಪ್ರಕರಣಗಳಲ್ಲಿ ಸುಮಾರು ಶೇ. 35 ಟೈರಿಂದ, ಶೇ. 22 ಬ್ರೇಕಿಂದ. ಎರಡೂ ಪರೀಕ್ಷೆಯಲ್ಲಿ ಸಿಕ್ಕಿಬೀಳುವಂಥವೇ. ಶೇ. 2 ಸಣ್ಣದಾಗಿ ಕಾಣುವುದಕ್ಕೆ ಹಲವು ರಾಜ್ಯಗಳಲ್ಲಿ ಪರೀಕ್ಷೆ ಇದ್ದದ್ದೂ ಒಂದು ಕಾರಣ ಇರಬಹುದಲ್ವಾ?

ಯುರೋಪ್ ಹೋಗುತ್ತಿರುವ ದಿಕ್ಕು ಬೇರೆ. ಅಲ್ಲಿ ಈಗಿನ ಕನಿಷ್ಠ ನಿಯಮ ನಾಲ್ಕು ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ ಎರಡೆರಡು ವರ್ಷಕ್ಕೆ. ಹತ್ತು ವರ್ಷ ದಾಟಿದ ಕಾರುಗಳಿಗೆ ಪ್ರತಿ ವರ್ಷ ಪರೀಕ್ಷೆ ಇರಲಿ, ಎಲೆಕ್ಟ್ರಿಕ್ ಕಾರುಗಳಿಗೂ ಎಲೆಕ್ಟ್ರಾನಿಕ್ ಸುರಕ್ಷತಾ ವ್ಯವಸ್ಥೆಗಳಿಗೂ ಹೊಸ ಪರೀಕ್ಷಾ ವಿಧಾನ ಬರಲಿ ಅಂತ ಯುರೋಪಿಯನ್ ಆಯೋಗ 2025ರ ಏಪ್ರಿಲ್‌ನಲ್ಲಿ ಪ್ರಸ್ತಾಪ ಇಟ್ಟಿತು. ಎರಡನೇ ಭಾಗ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ತಾನಾಗಿ ಬ್ರೇಕ್ ಹಾಕುವ ಕ್ಯಾಮೆರಾ ಸರಿಯಾಗಿ ನೋಡುತ್ತಿದೆಯಾ ಅಂತ ಪರೀಕ್ಷಿಸದೆ ಬಲ್ಬ್ ಮಾತ್ರ ನೋಡಿದರೆ ಹೊಸ ಕಾರುಗಳ ವಿಷಯದಲ್ಲಿ ಅರ್ಧ ಕೆಲಸ ಆದಂತೆ.

ಹಳೇ ಕಾರು ಕೊಳ್ಳುವವರಿಗೆ ಮಾಡೆಲ್‌ಗಳ ಪಟ್ಟಿಗಿಂತ ಕೆಲಸಕ್ಕೆ ಬರುವುದು ಆ ಒಂದು ಕಾರಿನ ಪರೀಕ್ಷಾ ಇತಿಹಾಸ. ಬ್ರಿಟನ್‌ನಲ್ಲಿ ನಂಬರ್ ಪ್ಲೇಟ್ ಹಾಕಿದರೆ 2005ರಿಂದೀಚಿನ ಎಲ್ಲ ಪರೀಕ್ಷೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪಾಸ್, ಫೇಲ್ ನೋಡಿ ಮುಚ್ಚಬೇಡಿ. ಪಾಸಾದಾಗಲೂ ಇನ್ಸ್‌ಪೆಕ್ಟರ್ ಬರೆದ ಎಚ್ಚರಿಕೆಯ ಸಾಲುಗಳನ್ನು ಓದಿ. 'ಮುಂದಿನ ಎಡ ಟೈರ್ ಒಳ ಅಂಚಿನಲ್ಲಿ ಸವೆದಿದೆ' ಅಂತ ಒಂದು ವರ್ಷ ಇದ್ದರೆ ಅದು ಟೈರಿನ ಮಾತು. ಹೊಸ ಟೈರ್ ಹಾಕಿಸಿದ ಮೇಲೂ ಎರಡು ವರ್ಷ ಬಿಟ್ಟು ಅದೇ ಸಾಲು ಬಂದರೆ ಅಲೈನ್‌ಮೆಂಟ್ ಹೋಗಿದೆ ಅಥವಾ ಬುಷ್ ಸವೆದಿದೆ, ಮಾಲೀಕ ಟೈರ್ ಮಾತ್ರ ಬದಲಿಸುತ್ತಾ ಬಂದಿದ್ದಾನೆ. ತುಕ್ಕಿನ ಬಗ್ಗೆ 'ಸ್ವಲ್ಪ' ಇದ್ದದ್ದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋಗಿದ್ದರೆ ಅದನ್ನು ಯಾರೂ ಮುಟ್ಟಿಲ್ಲ.

ಆಮೇಲೆ ಓಡಿದ ದೂರದ ಕಾಲಂ. ಸಂಖ್ಯೆ ಹಿಂದಕ್ಕೆ ಹೋಗಿದ್ದರೆ ಮೀಟರ್ ತಿರುಗಿಸಿರಬಹುದು, ವಿಚಾರಿಸದೆ ಮುಂದೆ ಹೋಗಬೇಡಿ. ಆದರೆ ಕಡಿಮೆ ಓಡಿದೆ ಅಂತ ಖುಷಿ ಪಡುವ ಮುಂಚೆಯೂ ಒಮ್ಮೆ ನಿಲ್ಲಿ, ಮುಖ್ಯವಾಗಿ ಡೀಸೆಲ್ ಕಾರಾದರೆ. ಅದರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಆ ಮಸಿ ಉರಿದು ಹೋಗಬೇಕಾದರೆ ಕಾರು ಆಗಾಗ ಹೆದ್ದಾರಿಯಲ್ಲಿ ಬಿಸಿಯಾಗಿ ಓಡಬೇಕು. ವರ್ಷಕ್ಕೆ ಎರಡು ಸಾವಿರ ಮೈಲಿ, ಅದೂ ಊರೊಳಗೇ ಓಡಿದ ಡೀಸೆಲ್ ಕಾರಿನಲ್ಲಿ ಆ ಫಿಲ್ಟರ್ ಕಟ್ಟಿಕೊಂಡಿರುವ ಸಂಭವ ಜಾಸ್ತಿ, ಹೊಸದು ಹಾಕಿಸುವುದು ದುಬಾರಿ. ಅದನ್ನೇ ಕಿತ್ತುಹಾಕಿ ಮಾರುವವರೂ ಇದ್ದಾರೆ. 2014ರಿಂದ ಎಂಒಟಿಯಲ್ಲಿ ಫಿಲ್ಟರ್ ಜಾಗದಲ್ಲಿ ಫಿಲ್ಟರ್ ಇದೆಯಾ ಅಂತ ನೋಡುತ್ತಾರೆ, ಆದರೆ ಹೊರಗಿನ ಡಬ್ಬ ಹಾಗೇ ಬಿಟ್ಟು ಒಳಗಿನದ್ದನ್ನು ಮಾತ್ರ ತೆಗೆದಿದ್ದರೆ ಕಣ್ಣಿಗೆ ಕಾಣುವುದು ಕಷ್ಟ. ಹಾಗಾಗಿ ಇಂಥ ಕಾರನ್ನು ನೋಡಲು ಹೋದಾಗ ಹೊಗೆಕೊಳವೆಯ ಒಳಗೆ ಬೆರಳು ಹಾಕಿ ನೋಡಿ. ಫಿಲ್ಟರ್ ಚೆನ್ನಾಗಿರುವ ಡೀಸೆಲ್ ಕಾರಿನ ಕೊಳವೆಯಲ್ಲಿ ಮಸಿ ಹೆಚ್ಚು ಇರಬಾರದು. ಬೆರಳು ಕಪ್ಪಾದರೆ ಬೇರೆ ಕಾರು ನೋಡಿ.